ಖಾಲಿ ತೂಕ

ಹಗಲೆಲ್ಲ ನಾನು ತೂಗುವವನು.
ಹಾಸನದ ಬೈಪಾಸಿನ ಗಾಜಿನ ಗೂಡಿನಲ್ಲಿ ಕೂತಿರುತ್ತೇನೆ,
ಲಾರಿ ಬಂದು ತಟ್ಟೆಯ ಮೇಲೆ ನಿಲ್ಲುತ್ತದೆ,
ಕೆಂಪು ಅಂಕಿ ಓಡಿ ಓಡಿ ಸುಸ್ತಾಗಿ ಕೂರುತ್ತದೆ.
ತುಂಬಿದ್ದು ಇಷ್ಟು, ಖಾಲಿ ಇಷ್ಟು,
ಕಳೆದರೆ ಉಳಿದದ್ದು ಆಲೂಗಡ್ಡೆ.
ನಾವು ಜೈನರು, ನೆಲದೊಳಗಿನದನ್ನು ತಿನ್ನುವವರಲ್ಲ;
ಆದರೂ ಈ ಶ್ರಾವಣದಲ್ಲಿ ಎಷ್ಟು ಟನ್
ನನ್ನ ಕೈಮೇಲೆ ಹಾದುಹೋಯಿತೋ
ಪದ್ಮಾವತಮ್ಮನೇ ಬಲ್ಲಳು.

ರಾತ್ರಿ ನಾನು ಕಳೆಯುವವನು.

ಸಂತೆಪೇಟೆಯ ಮಹಡಿಯ ಮೇಲೆ ಗೇಮ್ ಅಂಗಡಿ,
ತಾಸಿಗೆ ನಲವತ್ತು ರೂಪಾಯಿ,
ಸ್ಟೀರಿಂಗಿಗೆ ಸುತ್ತಿದ ಟೇಪು ಯಾರದೋ ಬೆವರಿಗೆ ಅಂಟಂಟು.
ಕಾರಿಗೆ ಆರುನೂರು ಅಂಕದ ಮಿತಿ.
ಕಿಲೋ ಇಳಿಸಿದರೆ ಅಂಕ ಏರುತ್ತದೆ,
ಎಂಜಿನ್ನಿಗೆ ಇನ್ನೊಂದು ಕುದುರೆ ಕಟ್ಟಿದರೂ ಏರುತ್ತದೆ;
ಎರಡೂ ಒಂದೇ ಚೀಲದ ಕಾಸು.

ಮೊದಲು ಹಿಂದಿನ ಸೀಟು ಕಿತ್ತೆ.
ಸ್ಟೆಪ್ನಿ, ಎ.ಸಿ., ನೆಲಹಾಸು, ರೇಡಿಯೊ,
ಹಿಂದಿನ ಗಾಜು ತೆಗೆದು ಪ್ಲಾಸ್ಟಿಕ್ಕು.
ನಮ್ಮಜ್ಜಿ ಹೀಗೆಯೇ, ಚಾತುರ್ಮಾಸಕ್ಕೊಂದು ಬಿಟ್ಟಳು:
ಬೆಲ್ಲ, ಹಾಲು, ಆಮೇಲೆ ಚಪ್ಪಲಿ.
ಕೊನೆಕೊನೆಗೆ ಅವಳನ್ನು ಎತ್ತಿ ಕೂರಿಸುವುದೆಂದರೆ
ಹಗ್ಗದಿಂದ ಒಣಗಿದ ಬಟ್ಟೆ ತೆಗೆದಷ್ಟೇ.
ಒಂಬೈನೂರ ಹತ್ತು ಕಿಲೋ.
ಹೆಮ್ಮೆಯಿಂದ ಗೆರೆಗೆ ತಂದು ನಿಲ್ಲಿಸಿದೆ.

ತಿರುವಿನಲ್ಲಿ ಹಕ್ಕಿ. ನೇರ ದಾರಿ ಬಂತೋ,
ಎಲ್ಲರೂ ಮದುವೆ ಬಸ್ಸಿನ ಹಾಗೆ
ಪಕ್ಕದಲ್ಲೇ ಹಾಡಿಕೊಂಡು ಹೋದರು.

ಮರುದಿನ ಸೀಟೆಲ್ಲ ವಾಪಸು, ಟರ್ಬೊ ಕೂರಿಸಿದೆ.
ಹಸಿರು ದೀಪಕ್ಕೆ ಚಕ್ರ ನಿಂತಲ್ಲೇ ತಿರುಗಿ ಬರೀ ಹೊಗೆ.
ಆಮೇಲೆ ಹಿಡಿದ ವೇಗವೇನು! ಬ್ರೇಕ್ ಒತ್ತಿದೆ.
ಕಿವುಡು ಎಮ್ಮೆಯ ಹಾಗೆ ಸೀದಾ ಬೇಲಿಗೆ ನಡೆಯಿತು.

ಎರಡು ವಾರ ಅರ್ಧ ಸೀಟು, ಅರ್ಧ ಟರ್ಬೊ,
ತೂಕದ ಚೀಟಿಯ ಬೆನ್ನ ಮೇಲೆಲ್ಲ ಲೆಕ್ಕ.

ದಿನವೂ ಸೋಲಿಸುತ್ತಿದ್ದವಳು ತಬಸ್ಸುಮ್,
ಪೆನ್ಷನ್ ಮೊಹಲ್ಲಾದವಳು, ಎರಡನೇ ಪಿಯುಸಿ.
ಅವಳಪ್ಪ ಎಪಿಎಂಸಿಯಲ್ಲಿ ಮೂಟೆ ಪೇರಿಸುವ ಮೇಸ್ತ್ರಿ.
ನನ್ನ ಚೀಟಿ ಇಸಕೊಂಡು ಓದಿದಳು.
"ಧರಣೇಂದ್ರಣ್ಣ, ತೆಗ್ದಿರೋದೆಲ್ಲ ಹಿಂದಿಂದಾನೇ.
ಎಂಜಿನ್ ಮುಂದೆ ಕೂತೈತೆ. ಮೂಗು ಭಾರ, ಬಾಲ ಖಾಲಿ.
ಲೋಡು ಇಳಿಸಿದ ಲಾರಿ ಶಿರಾಡೀಲಿ ಹೆಂಗೆ ಕುಣಿಯುತ್ತೆ,
ದಿನಾ ತೂಗೋರು ನಿಮಗೆ ನಾನು ಹೇಳ್ಬೇಕಾ?
ಒಂದು ಮೂಟೆ ಹಾಕಿ."
ಮೂಟೆಯಾ?
"ಭಾರ ಸೇರಿಸೋ ಗುಂಡಿ ಐತಲ್ಲ, ಅದು. ಆಕ್ಸಲ್ ಮೇಲೆ."

ಗುಂಜಿ ಗುಂಜಿಯಾಗಿ ಕೆರೆದು ತೆಗೆದವನು
ಹಲ್ಲು ಕಚ್ಚಿ ಐವತ್ತು ಕಿಲೋ ಹೇರಿದೆ.
ಅಂಕ ಇಳಿಯಿತು!
ಇಳಿದ ಜಾಗದಲ್ಲಿ ಹನ್ನೊಂದು ಕುದುರೆಗೆ ಕೊಟ್ಟಿಗೆಯಾಯಿತು.
ಕೊನೆಯ ತಿರುವಿನಲ್ಲಿ ಕಾರು ಬಾಲ ಊರಿತು,
ಜಾರಿದ ಸೆರಗು ಸರಿಮಾಡಿಕೊಳ್ಳುವವರ ಹಾಗೆ
ಒಮ್ಮೆ ಭುಜ ಕುಣಿಸಿ ನೆಟ್ಟಗಾಯಿತು.
ಗೆಲ್ಲಲಿಲ್ಲ. ಎರಡನೆಯವನಾದೆ.
ಅವಳು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು,
ಮನೆಯಿಂದ ಫೋನು.

ಬೆಳಗ್ಗೆ ಆರೂವರೆ, ಬೈಪಾಸಿನ ತುಂಬ ಮಂಜು.
ಯಾರೂ ಇಲ್ಲವೆಂದು ತಟ್ಟೆಯ ಮೇಲೆ ನಾನೇ ಹೋಗಿ ನಿಂತೆ.
ಅರವತ್ತು ಟನ್ ಹೊರುವ ಕಬ್ಬಿಣ,
ಹತ್ತರ ಮಗ್ಗಿಯಲ್ಲಷ್ಟೇ ಮಾತಾಡುತ್ತದೆ:
ಎಪ್ಪತ್ತು ಅಂದಿತು, ಅರವತ್ತು ಅಂದಿತು,
ಮತ್ತೆ ಎಪ್ಪತ್ತು.
ಎಲ್ಲಿ ನಿಂತರೂ ಅದಕ್ಕೆ ಅನುಮಾನವೇ.

ಅಷ್ಟರಲ್ಲಿ ಹಾರ್ನು. ಲೋಡಿಗೆ ಹೊರಟ ಖಾಲಿ ಲಾರಿ.
ನಿಂತಿತೋ ಇಲ್ಲವೋ, ಡ್ರೈವರ್ ಜಿಗಿದು ಇಳಿದ,
ಬೀಡಿಗಂತೆ. ಹಳೆಯ ಆಟ:
ಈಗ ಇಳಿದವನು ಆಮೇಲೆ ಹತ್ತಿ ಕೂತರೆ
ಅವನೂ ಆಲೂಗಡ್ಡೆಯ ರೇಟಿಗೆ ಮಾರಿಹೋಗುತ್ತಾನೆ.
ಮೈಕು ಊದಿ ಹೇಳಿದೆ:
ಹತ್ತಿ ಸ್ವಾಮಿ, ಸೀಟಿನಲ್ಲಿ ಕೂತ್ಕೊಳ್ಳಿ.
ಖಾಲಿ ತೂಕದಲ್ಲಿ ನೀವೂ ಸೇರ್ತೀರಿ.