ಟ್ಯಾಂಕಿನ ಅಳತೆ

ಕೇಕಿಗೂ ಅಳತೆ ತೆಗೆದೆ, ರೂಢಿ.
ಸುತ್ತಳತೆ ಇಪ್ಪತ್ತೆರಡು, ಉದ್ದ ಹದಿನೇಳು ಇಂಚು,
ಕುತ್ತಿಗೆ ಇಲ್ಲ. ಇದ್ದಿದ್ದರೆ ಸುಲಭವಿತ್ತು,
ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಾಗುತ್ತಿತ್ತು.

ಗಾನವಿಗೆ ಭಾನುವಾರ ಏಳು ತುಂಬುತ್ತೆ.
ಗೊಂಬೆ ಬೇಡ, ಚಿಟ್ಟೆ ಬೇಡ,
ಅಪ್ಪನ ಟ್ಯಾಂಕು ಬೇಕು ಅಂದಳು.
ಅಪ್ಪನದೇನಲ್ಲ ಅದು, ನಗರಸಭೆಯದು.
ನಮ್ಮ ನಾರೆಪ್ಪ ವಾಲ್ವ್ ತಿರುಗಿಸುತ್ತಾನೆ ಅಷ್ಟೆ,
ಎಂಟು ದಿನಕ್ಕೊಮ್ಮೆ ಒಂದೊಂದು ಬೀದಿಗೆ.
ಆದರೆ ಚಿಂತಾಮಣಿಯಲ್ಲಿ
ನೀರು ಬಿಡುವವನ ಮಗಳಿಗೆ ಆ ಮಾತು ಹೇಳಿ
ಯಾರು ಮನೆಯ ಕೊಳಾಯಿ ಒಣಗಿಸಿಕೊಳ್ಳುತ್ತಾರೆ?

ಬೇಕರಿಯವನು ಕೇಳಿದ್ದು ಮೂರು ಸಾವಿರದ ಇನ್ನೂರು.
ಸೀರೆಗೆ ಫಾಲ್ಸ್ ಹಾಕುವವಳಿಗೆ
ಕೇಕಿಗೆ ಕ್ರೀಮ್ ಹಾಕಲು ಬಾರದೇ, ಅಂದೆ.
ಬರಲಿಲ್ಲ.

ಎಂಟು ಬಿಲ್ಲೆ ಒಂದರ ಮೇಲೊಂದು, ನಡುನಡುವೆ ಅನಾನಸ್ ಜಾಮು,
ಬೆನ್ನುಮೂಳೆಗೆ ಗಾಳಿಪಟಕ್ಕೆಂದು ತಂದಿದ್ದ ಬಿದಿರುಕಡ್ಡಿ.
ತಿರುಗುವ ಮಣೆ ಇಲ್ಲ,
ಅಜ್ಜಿಯ ಬೀಸೋಕಲ್ಲಿನ ಗೂಟ ಕಿತ್ತು
ಸ್ಟೀಲ್ ತಟ್ಟೆ ಬೋರಲು ಹಾಕಿದೆ.
ಗರಗರ ಸದ್ದು. ಒಂದೊಂದು ಸುತ್ತಿಗೂ
ಎಷ್ಟೋ ವರ್ಷದ ರಾಗಿಹಿಟ್ಟು, ಚಿಟಿಕೆಯಷ್ಟು, ಹೊರಗೆ.

ಬಿಳಿ ಬಳಿಯಲು ಹೋದರೆ ಕಂದು ಎದ್ದು ಬಂತು.
ಚಾಕುವಿಗೆಲ್ಲ ಕೇಕಿನ ಪುಡಿ. ಒರೆಸಿದಷ್ಟೂ ಕೊಳೆ,
ಮಣ್ಣಲ್ಲಿ ಹೊರಳಿ ಬಂದ ಶಾಲೆಯ ಅಂಗಿ ಹಾಗೆ.
ಎತ್ತಿ ಹಿತ್ತಲಿಗೆ ಎಸೆಯುವವಳಿದ್ದೆ.
ಅಷ್ಟರಲ್ಲಿ ಬೆರಳಿಗೆ ನೆನಪಾಯಿತು:
ಅಯ್ಯೋ, ಇದು ಕಚ್ಚಾ ಹೊಲಿಗೆ.
ತೆಳ್ಳಗೆ, ಸೊಟ್ಟಗೆ, ಗಿರಾಕಿಗೆ ತೋರಿಸದ್ದು.
ಪುಡಿಯೆಲ್ಲ ಒಂದು ಕಡೆ ಕೂತರೆ ಸಾಕು.

ಎದುರುಮನೆ ಮುಬೀನಾ ಫ್ರಿಜ್ಜಿನ ಎರಡು ಹಲಗೆ ಕಳಚಿದಳು.
ಹಾಗಲಕಾಯಿ ಹೊರಗೆ, ಹಾಲು ಹೊರಗೆ,
ಅವಳ ಗಂಡನ ಇನ್ಸುಲಿನ್ ಮಾತ್ರ ಬಾಗಿಲಲ್ಲೇ ಇರಲಿ ಅಂದಳು.
ನಮ್ಮ ಟ್ಯಾಂಕು ಒಳಗೆ ನಿಂತಿತು ಒಂದು ಗಂಟೆ,
ಹೊಸ ಬಾಡಿಗೆದಾರನಂತೆ, ಗೋಡೆಗೆ ತಾಗದೆ.

ಎರಡನೆಯದು ದಪ್ಪಗೆ, ಬುಡದಿಂದ ಮೇಲಕ್ಕೆ.
ಚಾಕು ಬಿಟ್ಟೆ. ನನ್ನ ಸ್ಕೇಲನ್ನೇ ತೊಳೆದು ನೆಟ್ಟಗೆ ಹಿಡಿದೆ.
ಎಡಗೈ ಕಲ್ಲು ತಿರುಗಿಸಿತು, ಬಲಗೈ ಕದಲಲಿಲ್ಲ.
ಇಪ್ಪತ್ತಾರು ವರ್ಷ ಪೆಡಲು ತುಳಿದವಳಿಗೆ
ಬೆರಳು ನಿಲ್ಲಿಸಿ ಬಟ್ಟೆ ಓಡಿಸುವುದು ಹೊಸದಲ್ಲ.
ಗೋಡೆ ಬಂತು!
ನುಣ್ಣನೆ ಗೋಡೆ, ಒಂದು ಬದಿಯಿಂದ ನೋಡಿದರೆ.
ಅದರ ಮೇಲೆ ನೀಲಿಯಲ್ಲಿ ಎಂಟು ಕಂಬ, ಒಂದು ಏಣಿ.

ಮೂರು ಗಂಟೆಗೆ ಕರೆಂಟು ಹೋಯಿತು.
ಏಪ್ರಿಲ್ಲು. ಫ್ಯಾನು ನಿಂತದ್ದೇ ತಡ
ಒಂದು ಬದಿ ಮೆಲ್ಲಗೆ ಇಳಿಯತೊಡಗಿತು,
ಲಾಡಿ ಸಡಿಲವಾದ ಲಂಗದ ಹಾಗೆ.
ಮೇಲೆತ್ತಿ ಬಿಗಿಯಲು ಲಾಡಿ ಎಲ್ಲಿದೆ?
ಏಣಿ ಸೊಟ್ಟಗಾಯಿತು, ನೀಲಿ ತೊಟ್ಟಿಕ್ಕಿತು.

ನಾರೆಪ್ಪ ಬಂದ. ಹೆಲ್ಮೆಟ್ಟು ಕಂಕುಳಲ್ಲೇ ಇಟ್ಟುಕೊಂಡು
ಸುತ್ತ ಒಂದು ಬಾರಿ ನಡೆದ, ಇನ್ಸ್‌ಪೆಕ್ಷನ್ನಿಗೆ ಬಂದವನಂತೆ.
ನಾನು ಅವನ ಮುಖ ನೋಡಲಿಲ್ಲ.
‘ಜಾರಿರೋದನ್ನ ಚೇಳೂರು ರಸ್ತೆ ಕಡೆ ತಿರುಗಿಸಕ್ಕ,
ನಮ್ದೂ ಅಲ್ಲೇ ಒಸರೋದು’ ಅಂದ.
ತಿರುಗಿಸಿದೆ. ಗರಗರ.

ಏಳಕ್ಕೆ ಮೇಣದ ಬತ್ತಿ ಹಚ್ಚುವಾಗ ಅವನಿಗೆ ಫೋನು,
ಮೂರನೇ ಅಡ್ಡರಸ್ತೆಗೆ ಇನ್ನೂ ನೀರು ಬಂದಿಲ್ಲ.
ಕೀಲಿ ಎತ್ತಿಕೊಂಡು ಹೋದ.
ಗಾನವಿ ಸ್ಟೂಲಿನ ಮೇಲೇ ನಿಂತಿದ್ದಳು,
ಬತ್ತಿ ನಾವೇ ಆರಿಸಿದೆವು, ಉಳಿಯಲಿ ಅಂತ.
ನೊಣ ಓಡಿಸುತ್ತಾ ಮುಬೀನಾ ಟ್ಯಾಂಕಿನ ಕಾವಲು ಕಾದಳು.
ಅವನು ಬಂದು ಕೈ ತೊಳೆಯುವಷ್ಟರಲ್ಲಿ
ಮಗಳು ತುತ್ತು ಕೊಟ್ಟೇ ಬಿಟ್ಟಳು:
ಬಿಳಿಯ ಮೇಲೆ ಅವನ ಹೆಬ್ಬೆರಳಿನ ತುಕ್ಕು.
ತಿಂದ.

ಬಟ್ಟೆಯಲ್ಲಾದರೆ ಕಚ್ಚಾ ಹೊಲಿಗೆ
ಕೊನೆಗೆ ನಾನೇ ಎಳೆದು ಬಿಚ್ಚುತ್ತೇನೆ,
ನೂಲು ನೆಲದ ಮೇಲೆ, ಕಸಬರಿಕೆಗೆ.
ಇಲ್ಲಿ ಅದು ಒಳಗೇ ಉಳಿದಿತ್ತು. ತುಂಡು ತುಂಡಿನಲ್ಲೂ
ತೆಳುವಾದ ಕಂದು ಗೆರೆ, ನನಗೊಬ್ಬಳಿಗೆ ಕಾಣುವಂತೆ.
ರುಚಿ ಅದರದೇ ಹೆಚ್ಚು ಅನ್ನಿಸಿತು,
ಹೇಳಲಿಲ್ಲ.

ಸೋಮವಾರ ಟೀಚರಮ್ಮನ ರವಿಕೆ ತೋಳಲ್ಲಿ
ಸಣ್ಣ ಜಿಡ್ಡಿನ ಕಲೆ.
ಮೆಷಿನ್ನಿನ ಎಣ್ಣೆ, ಅಂದೆ.
ಮೂಸಿ ನೋಡಿದಳು, ಕಳ್ಳಿ.