ಗಾಡಿಗೊಂದು ಮಾಳಿಗಿ

ಗೋಕುಲ ರೋಡಿನ ನಮ್ಮ ಶೆಡ್ಡಿಗೆ ಆ ಗಾಡಿ ಬಂದ ದಿನ
ಚಾ ಹುಡುಗ ಸೈತ ಚಪ್ಪಲ್ ಬಿಟ್ಟು ಒಳಗ ಹೋದ.
ಹಾಸಿಗಿ, ಒಲಿ, ಫ್ರಿಜ್ಜು, ಜಳಕದ ಖೋಲಿ,
ಗ್ವಾಡಿ ಒತ್ತಿದರ ಹೊರಗ ಬರೂ ಊಟದ ಮೇಜು.
ಇಷ್ಟೆಲ್ಲಾ ಐತಿ, ಇನ್ನೇನು ಬೇಕ್ರಿ ಬಾಯಾರ?
ಎಲುಬಿನ ಡಾಕ್ಟರು ಸುಲೋಚನಾ ಅಕ್ಕಿ,
ರಿಟೈರಾಗಿ ಎಂಟು ತಿಂಗಳು,
ಬಟ್ಟು ಮ್ಯಾಲ ಮಾಡಿದರು:
"ಮಾಳಿಗಿ."

ಮಾಗಡಿ ಕೆರಿಗೆ ಚಳಿಗಾಲಕ್ಕ ಬಾತು ಬರತಾವಂತ,
ತಲಿಮ್ಯಾಲ ಎರಡು ಕರೀ ಪಟ್ಟಿ ಬರಕೊಂಡು, ಹಿಮಾಲಯ ದಾಟಿ.
"ದಂಡಿಗೆ ನಿಂತ್ರ ಮುಂದಿನವರ ಟೊಪಗಿ ಕಾಣತಾವ,
ಬಾತು ಕಾಣೂದಿಲ್ಲ" ಅಂದರು.

ಗಾಜಿನಂಥಾ ಚಾವಣಿಗೆ ಡ್ರಿಲ್ ಇಡೂ ಮುಂದ
ನನ್ನ ಕೈ ಒಂದು ಗಳಿಗಿ ನಿಂತಿತು.
ಬೆರಳಿಂದ ಟಕಟಕ ಬಡಿದರು ಡಾಕ್ಟರು:
"ಇದು ಬರೇ ಚರ್ಮ.
ಭಾರ ಎಲ್ಲಿ ಇಳೀತದ, ಅದನ್ನ ಹೇಳು."
ನಲವತ್ತು ವರ್ಷ ಬಸ್ಸಿನ ಬಾಡಿ ಕಟ್ಟೀನಿ,
ಈ ಪ್ರಶ್ನಿ ಯಾವ ಗಿರಾಕೀನೂ ಕೇಳಿದ್ದಿಲ್ಲ.
ಆರು ಕಂಬ. ಆರೂ ಚಾಸಿಗೆ ಬೆಸದೆ.

ಏಸಿ ಹಿಂದಕ್ಕ, ಸೋಲಾರು ಎಡಕ್ಕ, ನಡುವ ಸಾಗವಾನಿ ಹಲಗಿ.
ರೇಲಿಂಗು ಮಾತ್ರ ಮಡಚೂ ಹಂಗ.
ಯಾಕಂದ್ರ ಊರಾಗ ಒಂದು ರೈಲ್ವೆ ಸೇತುವಿ ಐತಿ,
ತನ್ನ ಕೆಳಗ ತೂರಿದ ಲಾರಿಗಳ ಬಣ್ಣ
ಹಣಿಗೆ ಬಡಕೊಂಡು ಕುಂತೈತಿ.
ರೇಲಿಂಗು ಮೂರೂವರಿ ಅಡಿ ಬೇಕಂತ ಅವರು,
ಮೂರು ಸಾಕಂತ ನಾನು.
ತೂಕ, ಗಾಳಿ, ಓಲಾಟ ಅಂತೇನೇನೋ ಹೇಳಿ
ಮೂರಕ್ಕ ಒಪ್ಪಿಸಿದೆ.

ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ
ಟ್ಯಾಂಕರ್ ತರಿಸಿ ಒಂದು ತಾಸು ಮಳಿ ಸುರಿಸಿದ್ವಿ.
ಗಾಡಿಯೊಳಗ ಒಂದು ಹನಿ ಇಳೀಲಿಲ್ಲ.
ಶೆಡ್ಡು ಸೋರತೈತಿ, ಅದರ ಮಾತು ಬ್ಯಾರೆ.

ಕಡೀಗೆ ತೂಕದ ಪರೀಕ್ಷಾ.
ಉಸುಕಿನ ಚೀಲ ಇಟ್ಟರ ಸಾಗವಾನಿಗೆ ಗೀರು ಬೀಳತೈತಿ.
ಬಾಜೂ ಗುಜರಿ ಅಂಗಡಿ ತಕ್ಕಡಿ ತಂದು ನಾವs ಹತ್ತಿ ನಿಂತು
ಗ್ವಾಡಿಮ್ಯಾಲ ಸುಣ್ಣದ ಕಡ್ಡೀಲೆ ಬರದ್ವಿ:
ಗೌಸು ಐವತ್ತೆರಡು, ಬಸಲಿಂಗ ಎಂಬತ್ತಾರು,
ಪೇಂಟರ್ ದಾನಿಯೇಲಪ್ಪ ಎಪ್ಪತ್ತು, ನಂದು ಅರವತ್ತೊಂದು,
ಸೀಟು ಹೊಲಿಯೂ ಫಕ್ರುಸಾಬ ಬರೇ ನಲವತ್ತೆಂಟು.
ಮುನ್ನೂರೈವತ್ತಕ್ಕ ಇನ್ನೂ ಮೂವತ್ಮೂರು ಕಡಿಮಿ.
ಡಾಕ್ಟರು ಬೂಟು ಬಿಚ್ಚಿದರು:
"ನನ್ನ ಐವತ್ತೆಂಟೂ ಹಾಕ್ಕೋ."

ಹತ್ತಿದ್ವಿ. ಹಲಗಿ ಕಿರ್ ಅನಲಿಲ್ಲ.
ಮ್ಯಾಲಿಂದ ನಮ್ಮ ಶೆಡ್ಡಿನ ತಗಡು ಮೊದಲ ಸಲ ನೋಡಿದ್ವಿ:
ಮೂರು ಟೆನಿಸ್ ಬಾಲು, ಯಾರದೋ ಒಂಟಿ ಚಪ್ಪಲ್,
ಪಾರಿವಾಳದ ಎರಡು ತತ್ತಿ.
ಆ ಕಡೆ ನೃಪತುಂಗ ಬೆಟ್ಟದ ದೀಪ.
ಸಂಜಿ ವಿಮಾನ ತಲಿ ಸವರಿಕೊಂಡು ಇಳೀತು.
ಯಾರೂ ಮಾತಾಡಲಿಲ್ಲ.

ಆಮ್ಯಾಲ ನಾನs ಬಾಯಿ ಬಿಟ್ಟೆ.
ನವಲಗುಂದ ಸಂತಿ ದಿನ ಬಸ್ಸು ತುಂಬಿತಂದ್ರ
ಕಂಡಕ್ಟರ್ ನಮ್ಮನ್ನ ಟಾಪಿಗೆ ಹತ್ತಸತಿದ್ದ.
ಮೆಣಸಿನಕಾಯಿ ಚೀಲದ ನಡುವ ನಾನು, ಅಪ್ಪ, ಎರಡು ಕೋಳಿ.
ಸೀನು, ನಗಿ, ಕಣ್ಣಾಗ ನೀರು,
ಎರಿ ಹೊಲದ ತುಂಬ ಒಡದ ಹತ್ತಿ.
ಬೇವಿನ ಟೊಂಗಿ ಬಂತಂದ್ರ ಎಲ್ಲಾರೂ ಒಮ್ಮೆಲೆ
ನಮಾಜಿಗೆ ಬಗ್ಗಿದಂಗ ಬಗ್ಗತಿದ್ವಿ.
ಅರ್ಧ ಟಿಕೇಟು.
"ಅದಕ್ಕs ನೀವು ಒಂಬತ್ತು ಲಕ್ಷ ಕೊಡಾಕತ್ತೀರಿ" ಅಂದೆ.
ಬಸಲಿಂಗ ನಕ್ಕ. ಅವರೂ ನಕ್ಕರು.

ನಕ್ಕು, ರೇಲಿಂಗಿನ ಮ್ಯಾಲ ಕೈ ಆಡಿಸಿಕೋತ ಅಂದರು:
"ನಾ ಕಲಿಯೂ ಮುಂದ ಮೊದಲ ಕೂಡಿಸಿದ ಎಲುಬು
ಅಂಥಾ ಟಾಪಿನಿಂದ ಬಿದ್ದ ಹುಡುಗಂದು.
ತೊಡಿ ಕೂಡಿತು.
ಹುಡುಗ ಉಳೀಲಿಲ್ಲ."

ಕೆಳಗಿಳಿದು ಬೂಟು ಹಾಕ್ಕೊಂಡು ಹೋದರು.

ಮರುದಿನ ಎಲ್ಲಾರಕಿಂತ ಮುಂಚೆ ಬಂದು ಶೆಡ್ಡು ತಗದು
ರೇಲಿಂಗು ಬಿಚ್ಚಿದೆ,
ಅರ್ಧ ಅಡಿ ಏರಿಸಿ ಬೆಸದೆ.
ಬಿಲ್ಲಿನಾಗ ಬರೀಲಿಲ್ಲ.