ಬಿಗಿ

ಚೇಳೂರು ರಸ್ತೆಯ ನೀರಿನ ಟ್ಯಾಂಕಿಗೆ
ಸಾರವೆ ಕಟ್ಟುವಾಗ ಬಾಬಾಜಾನ್
ಪಾನಾದಲ್ಲಿ ಒಂದೊಂದೇ ಪೈಪು ತಟ್ಟಿ
ಕಿವಿಗೊಡುತ್ತಿದ್ದ.

‘ಪೈಪು ಮುರಿಯಲ್ಲಪ್ಪ.
ಅದು ಬಾಗೋಕೂ ಮುಂಚೆ ಕ್ಲಾಂಪು ಜಾರುತ್ತೆ,
ಒಂದು ಕೂದಲೆಳೆ.’
ಹೆದರಿ, ಹಲ್ಲು ಕಚ್ಚಿ ತಿರುವಿದೆ.
ಥ್ರೆಡ್ಡು ಕಿತ್ತು ನಟ್ಟು ಸುಮ್ಮನೆ ಸುತ್ತಿತು.
ಬೈಯಲಿಲ್ಲ. ಬೇರೆಯದು ಕೊಟ್ಟ:
‘ಕೈ ಸಾಕು ಅಂದಾಗ ನಿಲ್ಲಿಸು.’

ಮಧ್ಯಾಹ್ನದ ಗಾಳಿಗೆ
ನಾಲ್ಕು ಅಂತಸ್ತೂ ತೊನೆದಾಡಿದವು.
ಓರೆಗೊಂದು ಪೈಪು ಬಿಗಿದದ್ದೇ,
ಅಳುವ ಕೂಸು ಸೊಂಟ ಸಿಕ್ಕಂತೆ
ಸುಮ್ಮನಾಯಿತು ಎಲ್ಲ.

ಟ್ಯಾಂಕು ಈಗ ಚಿಂತಾಮಣಿಗೆ ನೀರು ಬಿಡುತ್ತಿದೆ.
ಸಾರವೆ ಬಿಚ್ಚಿ ಲಾರಿ ಹತ್ತಿ
ಗೌರಿಬಿದನೂರಿನ ಯಾವುದೋ ಗೋಡೆಗೆ ಹೋಯಿತು;
ನೆಲದಲ್ಲಿ ತಟ್ಟೆ ಊರಿದ ಗುರುತೂ ಇಲ್ಲ.

ಬೆಳಿಗ್ಗೆ
ಮಗಳ ಜಡೆ ಹೆಣೆದು ಎಳೆಯುವಾಗ
ಕೈ ಒಂದು ಕಡೆ
ತಾನೇ ನಿಲ್ಲುತ್ತದೆ.